ಅಪರಾಧಿಗಳ ಗುರುತಿಗೆ ದೇಹಮಾಪನ

ಕೈದಿಯ ಮೈಯ ಕೆಲವು ಗೊತ್ತುಪಡಿಸಿದ ಭಾಗಗಳನ್ನು ಅಳೆದು, ಆ ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟು, ಅದೇ ಮನುಷ್ಯ ಬೇರೆ ಹೆಸರು ಹೇಳಿಕೊಂಡು ಮತ್ತೆ ಸಿಕ್ಕಿಬಿದ್ದಾಗ ಹಳೆಯ ದಾಖಲೆಯನ್ನು ಹುಡುಕಿ ತೆಗೆಯುವ ವಿಧಾನವೇ ದೇಹಮಾಪನ ಪದ್ಧತಿ. ಪ್ಯಾರಿಸ್ ಪೊಲೀಸ್ ಕಚೇರಿಯಲ್ಲಿ 1880ರ ದಶಕದಲ್ಲಿ ಇದು ಬಳಕೆಗೆ ಬಂತು. ರೂಪಿಸಿದವನು ಆಲ್ಫೋನ್ಸ್ ಬರ್ಟಿಲಾನ್ ಆದ್ದರಿಂದ ಬರ್ಟಿಲಾನ್ ಪದ್ಧತಿ ಎಂದೂ ಕರೆಯುತ್ತಾರೆ. ಯುರೋಪು, ಅಮೆರಿಕ, ಬ್ರಿಟಿಷ್ ಇಂಡಿಯಾಗಳಲ್ಲಿ ಸುಮಾರು ಇಪ್ಪತ್ತು ವರ್ಷ ಮೆರೆದು, ಬೆರಳಚ್ಚು ಬಂದ ಮೇಲೆ ಹಿಂದೆ ಸರಿಯಿತು. ಅಪರಾಧಿಯ ಪತ್ತೆ ಎಂದಾಗ ಇಂದು ಯಾರಿಗೂ ಇದರ ನೆನಪಾಗುವುದಿಲ್ಲ. ಆದರೆ ಠಾಣೆಯಲ್ಲಿ ಆರೋಪಿಯನ್ನು ನೇರಮುಖ, ಪಕ್ಕಮುಖ ಎಂದು ಎರಡು ಬಾರಿ ಫೋಟೊ ತೆಗೆಯುವ ರೂಢಿ ಹುಟ್ಟಿದ್ದು ಈ ಪದ್ಧತಿಯಿಂದಲೇ.

ಅಳತೆಗೆ ಮೊದಲು

ಒಮ್ಮೆ ಶಿಕ್ಷೆಯಾದವನು ಮತ್ತೆ ಬಂದಾಗ ಗುರುತು ಹಿಡಿಯುವುದಕ್ಕೆ ಹಳೆಯ ಕಾಲದ ಉಪಾಯ ಬರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೆಲವು ಅಪರಾಧಿಗಳ ಹಣೆಯ ಮೇಲೆ ಅಪರಾಧಕ್ಕೆ ತಕ್ಕ ಚಿಹ್ನೆ ಒತ್ತುವ ವಿಧಿ ಇದೆ. ಕಳ್ಳತನಕ್ಕೆ ನಾಯಿಯ ಗುರುತು, ಕೊಲೆಗೆ ತಲೆಯಿಲ್ಲದ ಮುಂಡದ ಗುರುತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಜೀವಾವಧಿ ಶಿಕ್ಷೆಯವರ ಹಣೆಗೆ ಹೆಸರು, ಅಪರಾಧಗಳನ್ನು ಹಚ್ಚೆ ಹಾಕಿಸುತ್ತಿದ್ದರು. ಅದು ನಿಂತದ್ದು 1849ರಲ್ಲಿ. ಫ್ರಾನ್ಸಿನಲ್ಲಿ ಕಾಯಿಸಿದ ಕಬ್ಬಿಣದಿಂದ ಅಕ್ಷರ ಒತ್ತುವುದನ್ನು 1832ರಲ್ಲಿ ಕೈಬಿಟ್ಟರು.

ಬರೆ ನಿಂತಿತು, ಹಳೆಯ ಕಳ್ಳನನ್ನು ಗುರುತಿಸುವ ಅಗತ್ಯ ನಿಲ್ಲಲಿಲ್ಲ. ಪೊಲೀಸರ ಕಣ್ಣು ಮತ್ತು ನೆನಪುಗಳೇ ಗತಿಯಾದವು. ಪ್ಯಾರಿಸಿನ ಗುಪ್ತಪೊಲೀಸ್ ದಳವನ್ನು 1811ರಲ್ಲಿ ಕಟ್ಟಿದ ವಿಡಾಕ್ ತಾನೇ ಜೈಲು ಕಂಡು ಬಂದವನು. ಅವನ ಬಂಡವಾಳವೆಂದರೆ ಹಳೆಯ ಸಹವಾಸಿಗಳ ಮುಖ ಮರೆಯದ ತಲೆ. ಲಂಡನ್ನಿನಲ್ಲಿ ಪತ್ತೇದಾರರು ಹಾಲೋವೇ ಜೈಲಿಗೆ ಹೋಗಿ, ಸಾಲಾಗಿ ನಿಲ್ಲಿಸಿದ ಕೈದಿಗಳ ಮುಖ ನೋಡಿ ಪರಿಚಿತರನ್ನು ಹೆಕ್ಕುತ್ತಿದ್ದರು. ಛಾಯಾಚಿತ್ರ ಬಂದಾಗ ಎಲ್ಲರೂ ನಿಟ್ಟುಸಿರುಬಿಟ್ಟರು. ಕೆಲವೇ ವರ್ಷಗಳಲ್ಲಿ ಪ್ಯಾರಿಸ್ ಕಚೇರಿಯಲ್ಲಿ ಹತ್ತಾರು ಸಾವಿರ ಫೋಟೊಗಳ ರಾಶಿ ಬಿತ್ತು. ಹೆಸರಿನ ಅಕ್ಷರಾನುಕ್ರಮದಲ್ಲಿ ಜೋಡಿಸೋಣವೆಂದರೆ ಹೆಸರೇ ಸುಳ್ಳು. ಒಂದು ಮುಖಕ್ಕೆ ಹೊಂದುವ ಇನ್ನೊಂದನ್ನು ಹುಡುಕಬೇಕಾದರೆ ಇಡೀ ರಾಶಿಯನ್ನು ಒಂದೊಂದಾಗಿ ತಿರುವಬೇಕು. ಗಡ್ಡ ಬಿಟ್ಟರೆ, ಬೆಳಕು ಬದಲಾದರೆ, ಅದೂ ದಂಡ.

ಗುಮಾಸ್ತ ಬರ್ಟಿಲಾನ್

ಬರ್ಟಿಲಾನ್ ಹುಟ್ಟಿದ್ದು 1853ರಲ್ಲಿ, ಪ್ಯಾರಿಸಿನಲ್ಲಿ. ಮನೆತನವೇ ಲೆಕ್ಕದ್ದು. ತಂದೆ ಲೂಯಿ ಅಡಾಲ್ಫ್ ವೈದ್ಯ, ಜನಸಂಖ್ಯಾಶಾಸ್ತ್ರಜ್ಞ ಮತ್ತು ಪ್ಯಾರಿಸಿನ ಮಾನವಶಾಸ್ತ್ರ ವಲಯದ ಪ್ರಮುಖ. ತಾಯಿಯ ತಂದೆ ಅಶಿಲ್ ಗಿಯಾರ್ ಜನಸಂಖ್ಯಾಶಾಸ್ತ್ರಕ್ಕೆ ಫ್ರೆಂಚಿನಲ್ಲಿ ಹೆಸರಿಟ್ಟವನು. ಅಣ್ಣ ಜಾಕ್ ಬರ್ಟಿಲಾನ್ ಮಾಡಿದ ಸಾವಿನ ಕಾರಣಗಳ ವರ್ಗೀಕರಣವೇ ಇಂದಿನ ಅಂತರರಾಷ್ಟ್ರೀಯ ರೋಗಪಟ್ಟಿಯ ಮೂಲ. ಇಂಥ ಮನೆಯಲ್ಲಿ ಆಲ್ಫೋನ್ಸ್ ಮಾತ್ರ ಓದಿನಲ್ಲಿ ಹಿಂದೆ. ಶಾಲೆಗಳು ಹೊರಹಾಕಿದವು, ಕೆಲಸಗಳು ನಿಲ್ಲಲಿಲ್ಲ. ಕೊನೆಗೆ 1879ರಲ್ಲಿ ಪ್ಯಾರಿಸ್ ಪೊಲೀಸ್ ಕಚೇರಿಯಲ್ಲಿ ಕೈದಿಗಳ ಚಹರೆ ನಕಲು ಮಾಡುವ ಗುಮಾಸ್ತನಾಗಿ ಸೇರಿಕೊಂಡ. ‘ಎತ್ತರ: ಸಾಧಾರಣ, ಮುಖ: ಸಾಮಾನ್ಯ’ ಎನ್ನುವಂಥ ವರ್ಣನೆಗಳನ್ನು ದಿನವೆಲ್ಲ ಬರೆಯುವ ಕೆಲಸ. ಅದರಿಂದ ಯಾರನ್ನೂ ಪತ್ತೆಹಚ್ಚಲಾಗದು ಎಂದು ಬರ್ಟಿಲಾನ್‌ಗೆ ಬೇಗ ಹೊಳೆಯಿತು.

ಮನುಷ್ಯರ ದೇಹದ ಅಳತೆಗಳು ಒಂದು ಸರಾಸರಿಯ ಸುತ್ತ ನಿಯಮಬದ್ಧವಾಗಿ ಹರಡಿಕೊಳ್ಳುತ್ತವೆ ಎಂದು ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ ತೋರಿಸಿಕೊಟ್ಟಿದ್ದ. ಆ ಮಾತು ಬರ್ಟಿಲಾನ್‌ಗೆ ಮನೆಪಾಠವಿದ್ದಂತೆ. ಇಪ್ಪತ್ತು ವರ್ಷ ದಾಟಿದ ಮೇಲೆ ಮೂಳೆಗಳ ಉದ್ದ ಹೆಚ್ಚು ಕಡಿಮೆ ಬದಲಾಗುವುದಿಲ್ಲ. ಒಂದು ಅಳತೆ ಇಬ್ಬರಿಗೆ ಹೊಂದಬಹುದು, ಹಲವು ಅಳತೆಗಳು ಒಟ್ಟಿಗೆ ಹೊಂದುವುದು ಅಪರೂಪ. ಇದನ್ನು ಬರೆದು ಪೊಲೀಸ್ ಮುಖ್ಯಸ್ಥ ಲೂಯಿ ಆಂಡ್ರಿಯೂಗೆ ಕೊಟ್ಟಾಗ ಆ ಸಾಹೇಬ ಗಮನಿಸಲಿಲ್ಲ. ಮುಂದೆ ಬಂದ ಜಾಂ ಕಮೆಕಾಸ್ 1882ರ ಕೊನೆಗೆ ಮೂರು ತಿಂಗಳ ಗಡುವು ಕೊಟ್ಟ: ಅಷ್ಟರೊಳಗೆ ಒಬ್ಬನನ್ನಾದರೂ ಹಿಡಿದು ತೋರಿಸಬೇಕು. ಷರತ್ತು ಸುಲಭದ್ದಾಗಿರಲಿಲ್ಲ. ಮೂರು ತಿಂಗಳಲ್ಲಿ ಒಬ್ಬ ಸಿಕ್ಕಿ, ಶಿಕ್ಷೆ ಮುಗಿಸಿ ಹೊರಗೆ ಹೋಗಿ, ಬೇರೆ ಹೆಸರಿನಲ್ಲಿ ಮತ್ತೆ ಸಿಕ್ಕಬೇಕು. 1883ರ ಫೆಬ್ರುವರಿಯಲ್ಲಿ ಅದೃಷ್ಟ ಕೂಡಿಬಂತು. ಡ್ಯುಪಾಂ ಎಂದು ಹೇಳಿಕೊಂಡವನ ಅಳತೆ, ಹಿಂದಿನ ಡಿಸೆಂಬರಿನಲ್ಲಿ ಖಾಲಿ ಬಾಟಲಿ ಕದ್ದು ಸಿಕ್ಕಿದ್ದ ಮಾರ್ಟಿನ್ ಎಂಬವನ ಚೀಟಿಗೆ ಸರಿಹೋಯಿತು. ತಾನೇ ಅವನೆಂದು ಕೈದಿ ಒಪ್ಪಿಕೊಂಡ. 1884ರಲ್ಲಿ ಹೀಗೆ ಗುರುತು ಸಿಕ್ಕವರು 241 ಮಂದಿ.

ಕಾಲವೂ ಅನುಕೂಲವಾಗಿತ್ತು. ಮತ್ತೆ ಮತ್ತೆ ಶಿಕ್ಷೆಗೆ ಗುರಿಯಾದವರನ್ನು ಜೀವಮಾನಪೂರ್ತಿ ಗಯಾನಾ, ನ್ಯೂ ಕ್ಯಾಲಿಡೋನಿಯಾ ವಸಾಹತುಗಳಿಗೆ ಸಾಗಿಸುವ ಕಾನೂನನ್ನು ಫ್ರಾನ್ಸ್ 1885ರಲ್ಲಿ ಮಾಡಿತು. ಯಾರು ಹಳಬ, ಯಾರು ಹೊಸಬ ಎಂಬುದು ತಿಳಿಯದಿದ್ದರೆ ಆ ಕಾನೂನು ನಡೆಯುವಂತೆಯೇ ಇರಲಿಲ್ಲ.

ಅಳೆಯುವ ಕ್ರಮ

ಮುಖ್ಯ ಅಳತೆಗಳು ಹನ್ನೊಂದು: ನಿಂತ ಎತ್ತರ, ಚಾಚಿದ ತೋಳುಗಳ ಹರವು, ಕುಳಿತಾಗಿನ ಎತ್ತರ, ತಲೆಯ ಉದ್ದ ಮತ್ತು ಅಗಲ, ಕೆನ್ನೆಮೂಳೆಗಳ ನಡುವಿನ ಅಗಲ, ಬಲಗಿವಿಯ ಉದ್ದ, ಎಡಪಾದ, ಎಡಗೈಯ ನಡುಬೆರಳು, ಕಿರುಬೆರಳು, ಎಡ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಎಡಭಾಗವನ್ನೇ ಆರಿಸಿದ್ದಕ್ಕೆ ಕಾರಣವಿದೆ. ದುಡಿಮೆಯಲ್ಲಿ ಹೆಚ್ಚು ಸವೆಯುವುದು, ವಿಕಾರವಾಗುವುದು ಬಲಗೈ.

ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ ಟೇಪು ಸುತ್ತುವ ಕೆಲಸವಲ್ಲ ಇದು. ತಲೆಗೆ ಬಾಗಿದ ತೋಳುಗಳ ಕ್ಯಾಲಿಪರ್: ಒಂದು ತುದಿ ಮೂಗಿನ ಬುಡದ ತಗ್ಗಿನಲ್ಲಿ, ಇನ್ನೊಂದು ತಲೆಯ ಹಿಂಬದಿ ಅತಿ ಹೆಚ್ಚು ಉಬ್ಬಿದ ಜಾಗದಲ್ಲಿ. ಸಿಕ್ಕ ಅಂಕಿಗೆ ತಿರುಪು ಬಿಗಿಮಾಡಿ, ಮತ್ತೊಮ್ಮೆ ತಲೆಯ ಮೇಲೆ ಸರಿಸಿ, ಸಡಿಲವಿದೆಯೋ ಬಿಗಿಯಿದೆಯೋ ನೋಡಬೇಕು. ಪಾದ ಅಳೆಯುವಾಗ ಕೈದಿಯನ್ನು ಬರಿಗಾಲಿನಲ್ಲಿ ಪುಟ್ಟ ಸ್ಟೂಲಿನ ಮೇಲೆ ಹತ್ತಿಸಿ, ಎಡಗಾಲೊಂದರ ಮೇಲೇ ನಿಲ್ಲಿಸುತ್ತಿದ್ದರು. ಮೈಭಾರವೆಲ್ಲ ಅದರ ಮೇಲೆ ಬಿದ್ದರೆ ಬೆರಳು ಮಡಿಚಿ ಮೋಸ ಮಾಡಲು ಆಗುವುದಿಲ್ಲ. ನಡುಬೆರಳನ್ನು ಅಂಗೈ ಹಿಂಭಾಗಕ್ಕೆ ಲಂಬವಾಗಿ ಬಾಗಿಸಿ ಸರಿಸುವ ಅಳತೆಗೋಲಿನಿಂದ ಅಳೆಯಬೇಕು. ಅಳೆಯುವವನು ಅಂಕಿಯನ್ನು ಕೂಗಿ ಹೇಳುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಜೊತೆಗೆ ಕಣ್ಣಪಾಪೆಯ ಬಣ್ಣ (ಅದರಲ್ಲಿ ಏಳು ವರ್ಗ), ಕಿವಿಯ ಸುರುಳಿ, ಮೂಗಿನ ಬಾಗು, ಮಚ್ಚೆ, ಗಾಯದ ಕಲೆ. ಇದಕ್ಕೆ ಬರ್ಟಿಲಾನ್ ಒಂದು ಸಂಕೇತಭಾಷೆಯನ್ನೇ ಮಾಡಿಕೊಂಡ. ಅದನ್ನು ‘ಮಾತಿನ ಚಿತ್ರ’ ಎಂದು ಕರೆದರು. ಗೊತ್ತಾದ ದೂರದಲ್ಲಿ, ಗೊತ್ತಾದ ಕುರ್ಚಿಯಲ್ಲಿ ಕೂರಿಸಿ ಏಳನೆಯ ಒಂದು ಪ್ರಮಾಣಕ್ಕೆ ತೆಗೆದ ಎರಡು ಫೋಟೊಗಳು ಚೀಟಿಯ ಜೊತೆ ಹೋಗುತ್ತಿದ್ದವು.

ಬರ್ಟಿಲಾನ್‌ನ ನಿಜವಾದ ಜಾಣತನ ಅಳತೆಗಿಂತ ಬೀರುವಿನಲ್ಲಿದೆ. ತಲೆಯ ಉದ್ದದ ಪ್ರಕಾರ ಚೀಟಿಗಳನ್ನು ಸಣ್ಣ, ನಡುವಣ, ದೊಡ್ಡ ಎಂದು ಮೂರು ಪಾಲು ಮಾಡಿದ. ಗಡಿ ಎಳೆದದ್ದು ಸಮಾನ ಅಂತರದಲ್ಲಲ್ಲ. ಪ್ರತಿ ಪಾಲಿಗೂ ಸುಮಾರು ಸಮನಾದ ಸಂಖ್ಯೆಯ ಚೀಟಿ ಬರುವ ಹಾಗೆ. ಅವುಗಳಲ್ಲಿ ಒಂದೊಂದನ್ನೂ ತಲೆಯ ಅಗಲದಿಂದ ಮತ್ತೆ ಮೂರು, ನಡುಬೆರಳಿನಿಂದ ಮತ್ತೆ ಮೂರು, ಹೀಗೇ ಮುಂದಕ್ಕೆ. 90,000 ಚೀಟಿಗಳಿದ್ದರೆ ಮೊದಲ ಹೆಜ್ಜೆಗೆ 30,000, ಎರಡನೆಯದಕ್ಕೆ 10,000, ನಾಲ್ಕನೆಯದಕ್ಕೆ ಸುಮಾರು 1,100 ಉಳಿಯುತ್ತವೆ. ಇನ್ನೂ ಒಂದೆರಡು ಅಳತೆ ಸೇರಿಸಿದರೆ ಕೈಗೆ ಸಿಗುವುದು ಒಂದು ಸಣ್ಣ ಕಟ್ಟು. ಹೆಸರಿಲ್ಲದೆ, ಮುಖ ನೋಡದೆ, ಅಂಕಿಯ ದಾರಿ ಹಿಡಿದು ನಿಮಿಷಗಳಲ್ಲಿ ಒಬ್ಬ ಮನುಷ್ಯನ ದಾಖಲೆಗೆ ತಲುಪುವುದು ಪೊಲೀಸ್ ಇತಿಹಾಸದಲ್ಲಿ ಅದೇ ಮೊದಲು. ಮುಂದೆ ಬೆರಳಚ್ಚಿಗೆ ಬೇಕಾದದ್ದೂ ಇಂಥದೇ ಬೀರು.

ಖ್ಯಾತಿ

1892ರಲ್ಲಿ ಪ್ಯಾರಿಸಿನ ನ್ಯಾಯಾಧಿಕಾರಿಗಳ ಮನೆಗಳಿಗೆ ಬಾಂಬಿಟ್ಟ ಅರಾಜಕತಾವಾದಿ ರಾವಶೋಲ್ ಸೆರೆಯಾದಾಗ, ಹಿಂದೊಮ್ಮೆ ಸೇಂಟ್ ಎತಿಯೆನ್‌ನಲ್ಲಿ ಅಳೆಸಿಕೊಂಡಿದ್ದ ಕೋನಿಗ್‌ಸ್ಟೈನ್ ಈತನೇ ಎಂದು ಅಳತೆಯಿಂದ ಸಾಬೀತಾಯಿತು. ಬರ್ಟಿಲಾನ್ ಹೆಸರು ಮನೆಮಾತಾಯಿತು. ಅಮೆರಿಕದಲ್ಲಿ ಜೋಲಿಯೆಟ್ ಜೈಲಿನ ಮುಖ್ಯಸ್ಥ ಮೆಕ್ಲಾಗ್ರಿ 1887ರಲ್ಲೇ ಪದ್ಧತಿಯನ್ನು ತರಿಸಿಕೊಂಡಿದ್ದ. ಕಾನನ್ ಡಾಯ್ಲ್‌ನ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕಾದಂಬರಿಯಲ್ಲಿ ಒಂದು ಪಾತ್ರ ಷರ್ಲಾಕ್ ಹೋಮ್ಸ್‌ನನ್ನು ಯುರೋಪಿನ ಎರಡನೆಯ ತಜ್ಞನೆಂದು ಹೇಳಿ ಹೋಮ್ಸ್‌ಗೆ ಮುಜುಗರ ಮಾಡುತ್ತದೆ, ಮೊದಲನೆಯವನು ಬರ್ಟಿಲಾನ್.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಅದೇ ಕಾಲದಲ್ಲಿ ಇಟಲಿಯ ಚೆಸಾರೆ ಲೊಂಬ್ರೋಸೊ ಕೂಡ ಕೈದಿಗಳ ತಲೆಬುರುಡೆ ಅಳೆಯುತ್ತಿದ್ದ. 1876ರ ತನ್ನ ಪುಸ್ತಕದಲ್ಲಿ ಅವನು ವಾದಿಸಿದ್ದು ಹುಟ್ಟು ಅಪರಾಧಿಗಳಿದ್ದಾರೆ, ದವಡೆ, ಕಿವಿ, ಹಣೆಗಳಲ್ಲಿ ಅದು ಕಾಣುತ್ತದೆ ಎಂದು. ಬರ್ಟಿಲಾನ್‌ಗೆ ಬೇಕಾಗಿದ್ದು ಇವನು ಯಾರು ಎಂಬ ಪ್ರಶ್ನೆಗೆ ಉತ್ತರ. ಲೊಂಬ್ರೋಸೊಗೆ ಬೇಕಾಗಿದ್ದು ಇವನು ಎಂಥವನು ಎಂಬುದಕ್ಕೆ. ಇಂಗ್ಲೆಂಡಿನ ಜೈಲುವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು 1913ರಲ್ಲಿ ಪ್ರಕಟಿಸಿದ ಪುಸ್ತಕ ಲೊಂಬ್ರೋಸೊನ ಅಪರಾಧಿ ಮಾದರಿಗೆ ಆಧಾರವಿಲ್ಲವೆಂದು ತೋರಿಸಿತು. ಆದರೂ ಉಪಕರಣ ಒಂದೇ ಆದ್ದರಿಂದ ಎರಡೂ ಪ್ರಶ್ನೆಗಳು ಆಡಳಿತಗಾರರ ತಲೆಯಲ್ಲಿ ಬೆರೆತುಹೋದವು. ಅದರ ಫಲವನ್ನು ಮುಂದೆ ನೋಡಬಹುದು.

ಬಿರುಕುಗಳು

ಹನ್ನೊಂದು ಅಳತೆಗಳೂ ಹೊಂದುವ ಸಾಧ್ಯತೆ 41,94,304ರಲ್ಲಿ ಒಂದು ಎಂಬ ಅಂಕಿ ಆಗ ಬಹಳ ಓಡಾಡಿತು. ನಾಲ್ಕನ್ನು ಹನ್ನೊಂದು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಹೀಗೆ ಗುಣಿಸಬೇಕಾದರೆ ಒಂದು ಅಳತೆಗೂ ಇನ್ನೊಂದಕ್ಕೂ ಸಂಬಂಧವೇ ಇರಬಾರದು. ಎತ್ತರದವನ ಪಾದ, ತೋಳು, ಬೆರಳುಗಳೂ ಸಾಮಾನ್ಯವಾಗಿ ಉದ್ದವೇ. ಈ ತಪ್ಪನ್ನು ಹಿಡಿದವನು ಫ್ರಾನ್ಸಿಸ್ ಗಾಲ್ಟನ್. ಅಳತೆಗಳ ನಡುವಿನ ನಂಟನ್ನು ಅಂಕಿಯಲ್ಲಿ ಹೇಳುವ ಸಹಸಂಬಂಧದ ಕಲ್ಪನೆಯನ್ನು ಅವನು ರಾಯಲ್ ಸೊಸೈಟಿಯ ಮುಂದಿಟ್ಟದ್ದು 1888ರಲ್ಲಿ. ಇಂದು ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ಆ ಕಲ್ಪನೆಯ ಹುಟ್ಟಿಗೆ ಪ್ಯಾರಿಸಿನ ಕಳ್ಳರ ಬೆರಳುಗಳೂ ಒಂದು ಕಾರಣ.

ಕಚೇರಿಯ ತೊಂದರೆಗಳು ಇದಕ್ಕಿಂತ ಸರಳ, ಇದಕ್ಕಿಂತ ಹಟಮಾರಿ. ಇಬ್ಬರು ಅಳೆದರೆ ಎರಡು ಅಂಕಿ. ಕೆಲವು ಮಿಲಿಮೀಟರ್ ವ್ಯತ್ಯಾಸಕ್ಕೆ ಚೀಟಿ ಪಕ್ಕದ ಖಾನೆಗೆ ಹೋಗಿಬಿಡುತ್ತಿತ್ತು. ಆದ್ದರಿಂದ ಗಡಿಯ ಆಚೀಚೆ ಹಲವು ಖಾನೆಗಳನ್ನು ತಡಕಬೇಕು. ಬೆಳೆಯುವ ಹುಡುಗರಿಗೆ ಪದ್ಧತಿ ಹೊಂದದು. ಹೆಂಗಸರ ತಲೆ ಅಳೆಯಲು ಕೂದಲು ಅಡ್ಡಿ. ಉಪಕರಣ ದುಬಾರಿ, ತರಬೇತಿ ಇನ್ನೂ ದುಬಾರಿ. ಎಲ್ಲಕ್ಕೂ ಮೇಲಾಗಿ, ಕಳ್ಳ ತನ್ನ ತಲೆಯ ಉದ್ದವನ್ನು ಕಳ್ಳತನದ ಜಾಗದಲ್ಲಿ ಬಿಟ್ಟುಹೋಗುವುದಿಲ್ಲ.

ಅಳತೆಯ ಸೋಲಿಗೆ ಸಾಮಾನ್ಯವಾಗಿ ಹೇಳುವ ಕತೆ ಬೇರೆ. 1903ರಲ್ಲಿ ಅಮೆರಿಕದ ಲೆವೆನ್‌ವರ್ತ್ ಜೈಲಿಗೆ ಬಂದ ವಿಲ್ ವೆಸ್ಟ್ ಎಂಬ ಕೈದಿಯ ಅಳತೆ, ಮುಖ, ಹೆಸರು ಮೂರೂ ಆಗಲೇ ಒಳಗಿದ್ದ ವಿಲಿಯಂ ವೆಸ್ಟ್‌ಗೆ ಹೊಂದಿದವು, ಬೆರಳಚ್ಚು ಮಾತ್ರ ಇಬ್ಬರನ್ನು ಬೇರೆಮಾಡಿತು, ಅಂದೇ ಅಳತೆ ಮೂಲೆಗೆ ಬಿತ್ತು ಎಂದು. ಇಬ್ಬರೂ ಕೈದಿಗಳು ಇದ್ದದ್ದು ನಿಜ. ಆದರೆ ಆ ಜೈಲಿನಲ್ಲಿ ಬೆರಳಚ್ಚು ತೆಗೆಯಲು ಶುರುಮಾಡಿದ್ದೇ 1904ರ ಕೊನೆಗೆ, ಮತ್ತು ಈ ಕತೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1918ರಲ್ಲಿ. ಗೆದ್ದವರು ತಮ್ಮ ಗೆಲುವಿಗೆ ಹೆಣೆದುಕೊಂಡ ಪುರಾಣವೆಂದು ಓದುವುದೇ ಲೇಸು. ಅಳತೆಯನ್ನು ನಿಜವಾಗಿ ಸೋಲಿಸಿದ್ದು ಅದಕ್ಕೂ ಮೊದಲು, ಕಲ್ಕತ್ತದಲ್ಲಿ.

ಬಂಗಾಳದ ಬೆರಳಚ್ಚು

ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡಿದ್ದ. ಜಪಾನಿನಲ್ಲಿದ್ದ ವೈದ್ಯ ಹೆನ್ರಿ ಫೌಲ್ಡ್ಸ್ 1880ರಲ್ಲಿ ಅಪರಾಧ ಪತ್ತೆಗೆ ಬೆರಳಚ್ಚು ಬಳಸಬಹುದೆಂದು ‘ನೇಚರ್’ ಪತ್ರಿಕೆಗೆ ಬರೆದ. ಗಾಲ್ಟನ್‌ನ ಪುಸ್ತಕ 1892ರಲ್ಲಿ ಬಂತು. ಅದೇ ವರ್ಷ ಅರ್ಜೆಂಟೀನದಲ್ಲಿ ಹುವಾನ್ ವುಸೆಟಿಚ್‌ನ ವಿಧಾನ ಒಂದು ಕೊಲೆಯನ್ನು ಬಿಡಿಸಿತು. ಎಲ್ಲವೂ ಇತ್ತು, ಲಕ್ಷಗಟ್ಟಲೆ ಅಚ್ಚುಗಳನ್ನು ಜೋಡಿಸಿಡುವ ಸರಳ ಬೀರು ಬ್ರಿಟಿಷರ ಕೈಯಲ್ಲಿರಲಿಲ್ಲ.

ಬಂಗಾಳದ ಇನ್‌ಸ್ಪೆಕ್ಟರ್ ಜನರಲ್ ಎಡ್ವರ್ಡ್ ಹೆನ್ರಿ ಬರ್ಟಿಲಾನ್ ಪದ್ಧತಿಯನ್ನೇ ಕೆಲವು ಅಳತೆ ಕೈಬಿಟ್ಟು ಜಾರಿಗೆ ತಂದಿದ್ದ. ಚೀಟಿಗೆ ಹೆಬ್ಬೆಟ್ಟಿನ ಗುರುತೂ ಸೇರಿತು. ಅವನ ಕೈಕೆಳಗೆ ಇಬ್ಬರು ಸಬ್‌ಇನ್‌ಸ್ಪೆಕ್ಟರುಗಳಿದ್ದರು: ಖುಲ್ನಾ ಕಡೆಯ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹತ್ತು ಬೆರಳುಗಳಲ್ಲಿ ಯಾವುದರಲ್ಲಿ ಸುರುಳಿ ಇದೆ, ಯಾವುದರಲ್ಲಿ ಇಲ್ಲ ಎಂಬುದಕ್ಕೆ ಅಂಕಿ ಕೊಟ್ಟು 32 ಸಾಲು, 32 ಕಂಬಗಳ 1,024 ಖಾನೆಗಳಿಗೆ ಹಂಚುವ ಗಣಿತ ಬಹುಮಟ್ಟಿಗೆ ಹಕ್ ಅವರದು. ಅಳತೆಗೆ ಕ್ಯಾಲಿಪರ್ ಬೇಕು, ಇದಕ್ಕೆ ತವರದ ತಗಡು, ಅಚ್ಚಿನ ಮಸಿ ಸಾಕು. ಅಳೆಯುವವನ ಕೈ ತಪ್ಪುತ್ತದೆ, ಅಚ್ಚು ತನ್ನನ್ನು ತಾನೇ ಬರೆದುಕೊಳ್ಳುತ್ತದೆ. ಸರ್ವೇಯರ್ ಜನರಲ್ ಸ್ಟ್ರಾಹನ್ ಮತ್ತು ರಸಾಯನಶಾಸ್ತ್ರಜ್ಞ ಪೆಡ್ಲರ್ ಇದ್ದ ಸಮಿತಿ ಎರಡನ್ನೂ ಹೋಲಿಸಿ ಬೆರಳಚ್ಚಿನ ಪರ ವರದಿ ಕೊಟ್ಟಿತು. 1897ರ ಜೂನ್ 12ರಂದು ಗವರ್ನರ್ ಜನರಲ್ ಅದನ್ನು ಒಪ್ಪಿದರು. ಕಲ್ಕತ್ತದ ದೇಹಮಾಪನ ಕಚೇರಿಯೇ ಬೆರಳಚ್ಚು ಕಚೇರಿಯಾಯಿತು; ಇಂಥ ಸಂಸ್ಥೆ ಲೋಕದಲ್ಲಿ ಅದೇ ಮೊದಲನೆಯದೆಂದು ಹೆಸರಾಗಿದೆ.

ಅದರ ಬೆನ್ನಿಗೇ ಜಲಪಾಯಿಗುರಿಯ ಒಂದು ಚಹಾ ತೋಟದ ಮ್ಯಾನೇಜರ್ ಕೊಲೆಯಾದ. ಪೆಟ್ಟಿಗೆ ಒಡೆದು ಹಣ ದೋಚಿದ್ದರು. ಅಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಒಂದು ಬೆರಳ ಕಲೆ ಇತ್ತು. ಹಿಂದೆ ಕಳ್ಳತನಕ್ಕೆ ಶಿಕ್ಷೆಯಾಗಿದ್ದ ಕಾಂಗಾಲಿ ಚರಣ್ ಎಂಬ ಹಳೆಯ ಆಳಿನ ಹೆಬ್ಬೆಟ್ಟಿಗೆ ಅದು ಹೊಂದಿತು. ನ್ಯಾಯಾಲಯ ಅವನಿಗೆ ಕಳ್ಳತನದ ಶಿಕ್ಷೆ ಕೊಟ್ಟಿತು, ಕೊಲೆಯ ಆರೋಪದಿಂದ ಬಿಟ್ಟಿತು. ಮಸಿ ಹೇಳುವ ಮಾತಿಗೆ ಒಬ್ಬನನ್ನು ಗಲ್ಲಿಗೇರಿಸಲು ಆಗಿನ್ನೂ ಧೈರ್ಯವಿರಲಿಲ್ಲ. ಆ ಹಿಂಜರಿಕೆ ತಪ್ಪೆಂದು ಹೇಳಲಾಗದು. 1899ರಲ್ಲಿ ಸಾಕ್ಷ್ಯ ಕಾನೂನಿಗೆ ತಿದ್ದುಪಡಿ ತಂದು ಬೆರಳಚ್ಚು ತಜ್ಞರ ಸಾಕ್ಷ್ಯಕ್ಕೆ ಮಾನ್ಯತೆ ಕೊಟ್ಟರು.

ಅಳತೆ ಮತ್ತು ಬೆರಳಚ್ಚು ಎರಡೂ ಇರಲೆಂದು 1894ರಲ್ಲಿ ಟ್ರೂಪ್ ಸಮಿತಿಯ ಮಾತು ಕೇಳಿದ್ದ ಇಂಗ್ಲೆಂಡ್, 1901ರ ಜುಲೈನಲ್ಲಿ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಪದ್ಧತಿ ಹೆನ್ರಿಯ ಹೆಸರಿನಲ್ಲಿ ಲೋಕವೆಲ್ಲ ಸುತ್ತಿತು. ಹಕ್ ಖಾನ್ ಬಹದ್ದೂರರೂ ಬೋಸ್ ರಾಯ್ ಬಹದ್ದೂರರೂ ಆದರು, ಅವರ ಕೆಲಸಕ್ಕೆ ಸರ್ಕಾರದ ಗೌರವಧನ ಬರುವಷ್ಟರಲ್ಲಿ ಹಲವು ವರ್ಷ ಕಳೆದಿತ್ತು.

ಬರ್ಟಿಲಾನ್‌ನ ಕೊನೆಯ ವರ್ಷಗಳು

ವಿಚಿತ್ರವೆಂದರೆ ಬೆರಳಚ್ಚಿನಿಂದ ಕೊಲೆಗಾರನನ್ನು ಹಿಡಿದ ಯುರೋಪಿನ ಮೊದಲ ಪ್ರಕರಣಗಳಲ್ಲೊಂದು ಬರ್ಟಿಲಾನ್‌ನದೇ. 1902ರಲ್ಲಿ ಪ್ಯಾರಿಸಿನ ಒಂದು ಮನೆಯಲ್ಲಿ ಒಡೆದ ಗಾಜಿನ ಮೇಲಿದ್ದ ಗುರುತಿನಿಂದ ಶೆಫರ್ ಎಂಬವನನ್ನು ಪತ್ತೆಮಾಡಿದ. ಆದರೆ ಬೀರುಗಳ ಜೋಡಣೆ ಅಳತೆಯ ಮೇಲೇ ಉಳಿಯಿತು. 1911ರಲ್ಲಿ ಲೂವ್ರ್‌ನಿಂದ ಮೋನಾಲಿಸಾ ಕಳುವಾದಾಗ ಕಳ್ಳನ ಬೆರಳಿನ ಗುರುತು ಗಾಜಿನ ಮೇಲೆ ಸಿಕ್ಕಿತ್ತು. ಕಳ್ಳ ವಿಂಚೆಂಜೊ ಪೆರುಜಿಯಾ ಹಿಂದೆ ಸೆರೆಸಿಕ್ಕಿದವನಾದ್ದರಿಂದ ಅವನ ಚೀಟಿಯೂ ಕಚೇರಿಯಲ್ಲಿತ್ತು. ತಲೆಯ ಉದ್ದ ಗೊತ್ತಿಲ್ಲದೆ ಚೀಟಿ ಹುಡುಕುವಂತಿರಲಿಲ್ಲ. ಚಿತ್ರ ಸಿಕ್ಕಿದ್ದು 1913ರಲ್ಲಿ ಫ್ಲಾರೆನ್ಸಿನಲ್ಲಿ, ಅವನೇ ಮಾರಲು ಹೋದಾಗ.

ಇದಕ್ಕಿಂತ ದೊಡ್ಡ ಕಳಂಕ ಡ್ರೇಫಸ್ ಪ್ರಕರಣದ್ದು. 1894ರಲ್ಲಿ ಯಹೂದಿ ಸೇನಾಧಿಕಾರಿ ಆಲ್ಫ್ರೆಡ್ ಡ್ರೇಫಸ್ ಮೇಲೆ ದೇಶದ್ರೋಹದ ಆರೋಪ ಬಂದಾಗ, ಕೈಬರಹದ ತಜ್ಞನಲ್ಲದ ಬರ್ಟಿಲಾನ್ ಕೈಬರಹದ ಬಗ್ಗೆ ಸಾಕ್ಷಿ ಹೇಳಿದ. ಆರೋಪಕ್ಕೆ ಆಧಾರವಾಗಿದ್ದ ಪತ್ರದ ಅಕ್ಷರ ಡ್ರೇಫಸ್‌ನದನ್ನು ಹೋಲದ ಕಡೆಯಲ್ಲೂ ಅದು ಅವನದೇ, ತನ್ನ ಬರಹವನ್ನು ತಾನೇ ನಕಲುಮಾಡಿ ಮರೆಸಿದ್ದಾನೆ ಎಂದು ಜಾಲರಿ, ಲೆಕ್ಕಾಚಾರಗಳ ಸಮೇತ ವಾದಿಸಿದ. ಪ್ವಾಂಕರೆ, ದಾರ್ಬೂ, ಆಪೆಲ್ ಎಂಬ ಮೂವರು ಗಣಿತಜ್ಞರು 1904ರಲ್ಲಿ ಆ ಲೆಕ್ಕವನ್ನು ಪರೀಕ್ಷಿಸಿ ಅದಕ್ಕೆ ಯಾವ ವೈಜ್ಞಾನಿಕ ಬೆಲೆಯೂ ಇಲ್ಲವೆಂದರು. 1906ರಲ್ಲಿ ಡ್ರೇಫಸ್ ದೋಷಮುಕ್ತನಾದ. ಬರ್ಟಿಲಾನ್ 1914ರ ಫೆಬ್ರುವರಿಯಲ್ಲಿ ತೀರಿಕೊಂಡ. ಫ್ರಾನ್ಸ್ ಬೆರಳಚ್ಚಿಗೆ ಪೂರ್ತಿ ಹೊರಳಿದ್ದು ಅದರ ನಂತರವೇ.

ಅಪರಾಧಿಯಿಂದ ಸಮುದಾಯಕ್ಕೆ

ಕೈದಿಗಳಿಂದ ಹಿಂದೆ ಸರಿದ ಅಳತೆ ಬೇರೆಯವರ ಮೇಲೆ ಹೋಯಿತು. ಫ್ರಾನ್ಸಿನ 1912ರ ಜುಲೈ 16ರ ಕಾನೂನು ಅಲೆಮಾರಿಗಳೆಲ್ಲರೂ ದೇಹಮಾಪನ ಪುಸ್ತಿಕೆ ಇಟ್ಟುಕೊಳ್ಳಬೇಕೆಂದು ವಿಧಿಸಿತು. ಹದಿಮೂರು ವರ್ಷ ತುಂಬಿದವರಿಗೆಲ್ಲ ಸ್ವಂತ ಪುಸ್ತಿಕೆ. ಅದರಲ್ಲಿ ತಲೆ, ಕಿವಿ, ಪಾದ, ಬೆರಳುಗಳ ಅಳತೆ, ಫೋಟೊ, ಬೆರಳಚ್ಚು. ಊರಿಗೆ ಬಂದಾಗ, ಬಿಟ್ಟಾಗ ಠಾಣೆಯ ಮೊಹರು. ಯಾವ ಅಪರಾಧವನ್ನೂ ಮಾಡಿರಬೇಕಾಗಿರಲಿಲ್ಲ. ಆ ಪುಸ್ತಿಕೆ ರದ್ದಾದದ್ದು 1969ರಲ್ಲಿ.

ಭಾರತದಲ್ಲಿ ಇದರ ಜೊತೆಗಾರ, ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿಮಾಡಿದ 1871ರ ಕ್ರಿಮಿನಲ್ ಟ್ರೈಬ್ಸ್ ಕಾನೂನು. ಅದನ್ನು 1911ರಲ್ಲಿ ವಿಸ್ತರಿಸಿ, ಪಟ್ಟಿಗೆ ಸೇರಿದ ಸಮುದಾಯಗಳ ಸದಸ್ಯರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯುವ ಅಧಿಕಾರ ಕೊಟ್ಟರು. ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಕ್ಯಾಲಿಪರ್ ಹಿಡಿದು ದಕ್ಷಿಣದ ಜಾತಿ ಬುಡಕಟ್ಟುಗಳ ತಲೆ, ಮೂಗು ಅಳೆದು 1909ರಲ್ಲಿ ಏಳು ಸಂಪುಟ ಹೊರತಂದಾಗ ಬಳ್ಳಾರಿ, ದಕ್ಷಿಣ ಕನ್ನಡಗಳ ಸಮುದಾಯಗಳೂ ಅದರಲ್ಲಿ ಬಂದವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಆ ಪಟ್ಟಿಗೆ ಸೇರಿದ ಕುಟುಂಬಗಳನ್ನು ಕೂಡಿಹಾಕುವ ವಸತಿಗಳಿದ್ದವು. ಹಾಜರಿ ಹಾಕಬೇಕು, ಪಾಸ್ ಇಲ್ಲದೆ ಹೊರಹೋಗುವಂತಿಲ್ಲ. ಹುಬ್ಬಳ್ಳಿಯ ಆ ಬಡಾವಣೆಯನ್ನು ಜನ ಈಗಲೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಕಾನೂನು ರದ್ದಾಗಿ ಆ ಸಮುದಾಯಗಳು ವಿಮುಕ್ತವಾದದ್ದು 1952ರ ಆಗಸ್ಟ್ 31ರಂದು.

ಇಂದಿನ ಕಾನೂನು

ಭಾರತದ 1920ರ ಕೈದಿಗಳ ಗುರುತು ಕಾನೂನು ಬೆರಳಚ್ಚು, ಹೆಜ್ಜೆಗುರುತುಗಳನ್ನು ‘ಅಳತೆ’ಗಳ ಪಟ್ಟಿಯಲ್ಲೇ ಸೇರಿಸಿತ್ತು. ಅವನ್ನು ಪಡೆಯುವುದು ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಕಾಥಿ ಕಾಲು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ ಮೇಲೆ ಚರ್ಚೆಯ ನೆಲೆ ಬದಲಾಗಿದೆ. 1920ರ ಕಾನೂನಿನ ಜಾಗಕ್ಕೆ 2022ರಲ್ಲಿ ಬಂದ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯ ‘ಅಳತೆ’ಗಳಲ್ಲಿ ಅಂಗೈ ಅಚ್ಚು, ಕಣ್ಣಪಾಪೆ ಮತ್ತು ಅಕ್ಷಿಪಟಲದ ಸ್ಕ್ಯಾನ್, ಜೈವಿಕ ಮಾದರಿ, ಸಹಿ, ಕೈಬರಹ ಸೇರಿವೆ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರ ಇವನ್ನು 75 ವರ್ಷ ಇಟ್ಟುಕೊಳ್ಳಬೇಕು. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ನಿರ್ದೋಷಿಯೆಂದು ತೀರ್ಮಾನವಾದರೆ, ನ್ಯಾಯಾಲಯ ಕಾರಣ ಬರೆದು ಬೇರೆ ಆದೇಶ ಮಾಡದ ಹೊರತು, ಆ ದಾಖಲೆಯನ್ನು ನಾಶಮಾಡಬೇಕು.